ತಿಮಿಂಗಿಲದ ಸೊಂಟದ ಮೂಳೆ

ತಿಮಿಂಗಿಲಕ್ಕೆ ಹಿಂಗಾಲುಗಳಿಲ್ಲ. ಆದರೂ ಅದರ ದೇಹದ ಹಿಂಭಾಗದಲ್ಲಿ, ಬೆನ್ನೆಲುಬಿಗೆ ಸೇರದೆ, ಮಾಂಸದ ನಡುವೆ ಎರಡು ಮೂಳೆಗಳು ಹುದುಗಿವೆ. ನೆಲದ ಮೇಲೆ ನಾಲ್ಕು ಕಾಲುಗಳಿಂದ ನಡೆಯುತ್ತಿದ್ದ ಪೂರ್ವಜರಿಂದ ಬಂದ ಸೊಂಟದ ಮೂಳೆಗಳಿವು. ನಡಿಗೆಯೇ ಇಲ್ಲದ ಮೇಲೆ ಇವುಗಳಿಗೇನು ಕೆಲಸ? ನಿರುಪಯುಕ್ತವೆಂದೇ ಅನೇಕರು ಬಗೆದಿದ್ದರು. ತರಗತಿಯಲ್ಲಿ ನಾನೂ ಹಾಗೆಯೇ ಹೇಳಿದ್ದುಂಟು. ಆದರೆ ಜನನಾಂಗವನ್ನು ಚಲಿಸುವ ಸ್ನಾಯುಗಳು ಈ ಮೂಳೆಗಳಿಗೇ ಅಂಟಿಕೊಂಡಿವೆ. ಸಂತಾನಕ್ಕಾಗಿ ಗಂಡುಗಳ ನಡುವೆ ಪೈಪೋಟಿ ಹೆಚ್ಚಿರುವ ಜಾತಿಗಳಲ್ಲಿ ಇವು ದೇಹದ ಅಳತೆಗೆ ಹೋಲಿಸಿದರೆ ದೊಡ್ಡವೆಂದು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಹಾಗಾದರೆ ಇವನ್ನು ಅವಶೇಷವೆನ್ನುವುದು ತಪ್ಪೇ? ತಪ್ಪಲ್ಲ. ಎರಡು ಕೆಲಸಗಳುಳ್ಳ ಅಂಗವು ಒಂದನ್ನು ಕಳೆದುಕೊಂಡು ಇನ್ನೊಂದನ್ನು ಉಳಿಸಿಕೊಳ್ಳಬಹುದೆಂದು ಡಾರ್ವಿನ್ 1859ರಲ್ಲಿಯೇ ಬರೆದಿದ್ದನು. ಇಲ್ಲಿ ಕಾಲಿಗೆ ಆಧಾರವಾಗುವ ಕೆಲಸ ಹೋಗಿದೆ, ಅಷ್ಟೆ.