ಕೇಸಿನ ಭಯ ಬಿಡಿ, ಜೀವ ಉಳಿಸಿ

ಆತ್ಮಹತ್ಯೆಗೆ ಯತ್ನಿಸಿದವರನ್ನು ಆಸ್ಪತ್ರೆಗೆ ಸಾಗಿಸುವ ಹೊತ್ತಿನಲ್ಲೂ ಎಷ್ಟೋ ಮನೆಗಳಲ್ಲಿ ಏಳುವ ಪ್ರಶ್ನೆ: ‘ಪೊಲೀಸ್ ಕೇಸಾದರೆ ಏನು ಗತಿ?’ ಈ ಅಂಜಿಕೆಯಲ್ಲಿ ಕಳೆಯುವ ಒಂದೊಂದು ನಿಮಿಷವೂ ಜೀವಕ್ಕೆ ಕುತ್ತು. ಕಾನೂನು ಈಗ ನೊಂದವರ ಪರವಾಗಿದೆ.

ಕಾನೂನು ಏನು ಹೇಳುತ್ತದೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಬೇರೆ ಕಾರಣ ಸಾಬೀತಾಗದ ಹೊರತು, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಆತ್ಮಹತ್ಯೆ ಯತ್ನವನ್ನು ಅಪರಾಧವೆಂದಿದ್ದ ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 309ನೇ ಕಲಂ, 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಸರ್ಕಾರಿ ನೌಕರರ ಕರ್ತವ್ಯಕ್ಕೆ ತಡೆಯೊಡ್ಡಲು ಅಥವಾ ಅವರನ್ನು ಬಲವಂತಪಡಿಸಲು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ ಹೊಸ ಸಂಹಿತೆಯ 226ನೇ ಕಲಂ ಅನ್ವಯಿಸುತ್ತದೆ.

ಆಸ್ಪತ್ರೆಯಲ್ಲಿ ನಿಮ್ಮ ಹಕ್ಕು

ಪೊಲೀಸರು ಬರಲಿ ಎಂದು ವೈದ್ಯರು ಚಿಕಿತ್ಸೆ ತಡೆಹಿಡಿಯುವಂತಿಲ್ಲ. ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿಯಾಗಲಿ, ಜೀವ ಉಳಿಸುವುದೇ ವೈದ್ಯರ ಮೊದಲ ಹೊಣೆ ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲಿಸಿದ ಮಾತ್ರಕ್ಕೆ ರೋಗಿ ಆರೋಪಿಯಾಗುವುದಿಲ್ಲ. ಮಾನಸಿಕ ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕು. ಒಪ್ಪಿಗೆಯಿಲ್ಲದೆ ಫೋಟೊ, ಮಾಹಿತಿಯನ್ನು ಮಾಧ್ಯಮಕ್ಕೆ ಕೊಡುವಂತಿಲ್ಲ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಒದಗಿಸಬೇಕು ಎನ್ನುತ್ತದೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಹಕ್ಕು ಸಿಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಅಷ್ಟು ದೂರ ಹೋಗುವ ಮುನ್ನವೇ

‘ನಾನಿದ್ದು ಯಾರಿಗೇನು ಉಪಯೋಗ’, ‘ಎಲ್ಲರಿಗೂ ಭಾರವಾಗಿದ್ದೀನಿ’ ಎಂಬ ಮಾತು, ನಿದ್ದೆ ಕೆಡುವುದು, ಜನರಿಂದ ದೂರವಾಗುವುದು, ಕುಡಿತ ಹೆಚ್ಚುವುದು, ಅಕ್ಕರೆಯ ವಸ್ತುಗಳನ್ನು ಹಂಚಿಬಿಡುವುದು: ಇವನ್ನು ಹಗುರವಾಗಿ ಕಾಣಬೇಡಿ. ಒಬ್ಬರೇ ಸಿಕ್ಕಾಗ ಪಕ್ಕದಲ್ಲಿ ಕುಳಿತು ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳುವವರು ಸಿಕ್ಕರೆಂದು ಎದೆಯ ಭಾರ ಇಳಿಯುವುದೇ ಹೆಚ್ಚು.

ಉತ್ತರ ಬಂದಾಗ ಬೈಯಬೇಡಿ, ಬುದ್ಧಿ ಹೇಳಬೇಡಿ, ಕಿವಿಗೊಡಿ. ಅಪಾಯ ಹತ್ತಿರವಿದೆ ಅನ್ನಿಸಿದರೆ ಒಂಟಿಯಾಗಿ ಬಿಡಬೇಡಿ. ಅಪಾಯಕಾರಿ ವಸ್ತುಗಳು ಕೈಗೆ ಸಿಗದಂತೆ ನೋಡಿಕೊಳ್ಳಿ. 112 ಅಥವಾ 108ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೊಂದವರಷ್ಟೇ ಅಲ್ಲ, ಅವರ ಬಗ್ಗೆ ಕಳವಳಪಡುವವರೂ ಕರೆ ಮಾಡಬಹುದು. ಇದನ್ನು ಓದುತ್ತಿರುವ ನಿಮಗೇ ಬದುಕು ಭಾರವಾಗಿದ್ದರೆ, ಆ ಕರೆಯನ್ನು ಇಂದೇ ಮಾಡಿ.