ಕಪಾಟು ಖಾಲಿಯಾಗಲಿ, ಆಮೇಲೆ ಆರ್ಡರ್

ತಿಂಗಳ ಹದಿನೈದಕ್ಕೇ ಕೈ ಖಾಲಿ, ಅಡುಗೆಮನೆ ಕಪಾಟಿನ ಬಾಗಿಲು ಮಾತ್ರ ಮುಚ್ಚುತ್ತಿಲ್ಲ ಎಂದು ಬರೆದಿದ್ದೀರಿ. ನೀವು ಕಳಿಸಿದ ಖರ್ಚಿನ ಪಟ್ಟಿ ನೋಡಿದೆ. ದುಡ್ಡು ಸೋರುತ್ತಿರುವುದು ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಆ್ಯಪ್‌ಗಳಲ್ಲಿ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೆಂದು ತೆರೆಯುತ್ತೀರಿ, ಡೆಲಿವರಿ ಚಾರ್ಜ್ ತಪ್ಪಿಸಲು ಚಿಪ್ಸ್, ಹ್ಯಾಂಡ್‌ವಾಶ್, ಇನ್ನೊಂದು ಡಬ್ಬಿ ಸೇರಿಸುತ್ತೀರಿ. ಚಾರ್ಜ್ ಕೊಟ್ಟಿದ್ದರೇ ಅಗ್ಗವಾಗುತ್ತಿತ್ತು!

ಈ ಭಾನುವಾರ ಕಪಾಟಿನಲ್ಲಿರುವುದನ್ನೆಲ್ಲ ಕೆಳಗಿಳಿಸಿ. ಬಿಚ್ಚಿಟ್ಟು ಮರೆತ ಎರಡು ರವೆ ಪೊಟ್ಟಣ, ಅವಧಿ ಮುಗಿದ ಸಾಸ್ ಸಿಕ್ಕೇ ಸಿಗುತ್ತವೆ. ರವೆಗೆ ಹುಳ ಬಿದ್ದಿರದಿದ್ದರೆ ಅದು ಮುಗಿಯುವವರೆಗೆ ಹೊಸದು ತರಬೇಡಿ. ಜೋಡಿಸಿಡಲು ಹೊಸ ಡಬ್ಬಿಗಳ ಸೆಟ್ಟನ್ನಂತೂ ಕೊಳ್ಳಲೇಬೇಡಿ. ಈ ಚಟ ಬಹಳ ಮನೆಗಳಲ್ಲಿ ನೋಡಿದ್ದೇನೆ. ಬೇಕಾದ್ದನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ, ವಾರಕ್ಕೊಮ್ಮೆ ಒಟ್ಟಿಗೆ ತನ್ನಿ. ದೊಡ್ಡ ಪ್ಯಾಕ್ ಅಗ್ಗ ಅನ್ನಿಸಿದರೆ, ಪೊಟ್ಟಣದ ಮೇಲೆ ಎಂಆರ್‌ಪಿ ಜೊತೆ ಅಚ್ಚಾಗಿರುವ ಗ್ರಾಂ ಲೆಕ್ಕದ ಬೆಲೆಯನ್ನು ಚಿಕ್ಕದರ ಜೊತೆ ಹೋಲಿಸಿ. ಎಷ್ಟೋ ಸಲ ವ್ಯತ್ಯಾಸವೇ ಇರುವುದಿಲ್ಲ.

ಅತ್ತೆಯವರು ಹಳೆ ಸ್ಟೀಲ್ ಪಾತ್ರೆ ತೆಗೆಯಲು ಬಿಡುವುದಿಲ್ಲ ಎಂದಿದ್ದೀರಿ. ಅವರ ಪಾತ್ರೆಗಳ ತಂಟೆಗೆ ಸದ್ಯ ಹೋಗಬೇಡಿ. ನೀವೇ ತಂದ ಮುಚ್ಚಳವಿಲ್ಲದ ಪ್ಲಾಸ್ಟಿಕ್ ಡಬ್ಬಿಗಳಿಂದ ಶುರು ಮಾಡಿ.