ಪರಹಿತಕ್ಕಾಗಿ ಈಜು: ಸರದಿಯ ಕಡಲೀಜಿನಿಂದ ಕಲಿಯತಕ್ಕ ಪಾಠ

ಕೆರೆ, ಮದಕ, ಹಳ್ಳ, ಹೊಳೆಗಳ ನಡುವೆ ಬೆಳೆಯುವ ನಮ್ಮ ಸೀಮೆಯ ಮಕ್ಕಳಿಗೆ ನೀರು ಅಪರಿಚಿತವಾದುದಲ್ಲ. ಆದರೆ ನೀರಿನ ಪರಿಚಯವೇ ಬೇರೆ, ಈಜಿನ ವಿದ್ಯೆಯೇ ಬೇರೆ. ಈ ವಿದ್ಯೆಯು ಸ್ವರಕ್ಷಣೆಗೆ ಮಾತ್ರವಲ್ಲದೆ ಪರರ ಹಿತಕ್ಕೂ ಸಲ್ಲಬಹುದೆಂಬುದಕ್ಕೆ ಸರದಿಯ ಕಡಲೀಜು ಉತ್ತಮ ನಿದರ್ಶನವಾಗಿದೆ. ಧರ್ಮಕಾರ್ಯಕ್ಕೆ ಹಣ ಕೂಡಿಸುವ ಸಲುವಾಗಿ ಇಂತಹ ಈಜನ್ನು ಕೈಗೊಳ್ಳುವ ರೂಢಿಯು ಹಲವು ದೇಶಗಳಲ್ಲಿ ಉಂಟು. ಅದರ ಸ್ವರೂಪ, ಅದರ ಕಷ್ಟ, ಅದರ ನೀತಿ ಎಂಬ ಮೂರನ್ನು ಇಲ್ಲಿ ಕ್ರಮವಾಗಿ ವಿಚಾರಿಸೋಣ.

ದೂರದ ಈಜಿಗೆ ಜಗತ್ಪ್ರಸಿದ್ಧವಾದ ಸ್ಥಳವು ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಇಂಗ್ಲಿಷ್ ಕಡಲ್ಗಾಲುವೆ. ಅತಿ ಕಿರಿದಾದ ಕಡೆಯಲ್ಲಿ ಅದರ ಅಗಲ ಸುಮಾರು 33 ಕಿ.ಮೀ. 1875ರಲ್ಲಿ ಕ್ಯಾಪ್ಟನ್ ಮ್ಯಾಥ್ಯೂ ವೆಬ್ ಎಂಬವನು ಇದನ್ನು 21 ಗಂಟೆ 45 ನಿಮಿಷಗಳಲ್ಲಿ ಮೊದಲ ಬಾರಿಗೆ ಈಜಿ ದಾಟಿದನು. ನಮ್ಮ ದೇಶದವರಲ್ಲಿ ಮಿಹಿರ್ ಸೇನರು 1958ರಲ್ಲಿಯೂ, ಮಹಿಳೆಯರಲ್ಲಿ ಆರತಿ ಸಾಹಾ ಅವರು 1959ರಲ್ಲಿಯೂ ಈ ಕೀರ್ತಿಯನ್ನು ಗಳಿಸಿದರು. ಇವರೆಲ್ಲ ಒಬ್ಬೊಬ್ಬರಾಗಿಯೇ ಈಜಿದವರು.

ಸರದಿಯ ಈಜಿನ ಕ್ರಮ ಬೇರೆ. ಸಾಮಾನ್ಯವಾಗಿ ಆರು ಮಂದಿಯ ತಂಡವೊಂದು ದೋಣಿಯನ್ನೇರಿ ಹೊರಡುತ್ತದೆ. ಒಬ್ಬರು ಒಂದು ಗಂಟೆ ಈಜಿದ ಬಳಿಕ ಮತ್ತೊಬ್ಬರು ನೀರಿಗಿಳಿಯುತ್ತಾರೆ. ಮೊದಲಿನವರು ದೋಣಿಗೆ ಮರಳುತ್ತಾರೆ. ಆರಂಭದಲ್ಲಿ ಗೊತ್ತುಮಾಡಿದ ಅನುಕ್ರಮವನ್ನು ನಡುವೆ ಬದಲಿಸುವಂತಿಲ್ಲ. ಬದಲಿ ಈಜುಗಾರರನ್ನು ಇಳಿಸುವಂತಿಲ್ಲ. ಒಬ್ಬರು ತಮ್ಮ ಸರದಿಯನ್ನು ಪೂರೈಸಲಾರದೆ ಹೋದರೆ ಇಡೀ ತಂಡದ ಪ್ರಯತ್ನವೇ ಬಿದ್ದುಹೋಗುತ್ತದೆ. ಆದುದರಿಂದ ಅತ್ಯಂತ ಬಲಶಾಲಿಯ ವೇಗಕ್ಕಿಂತಲೂ ಅತ್ಯಂತ ದುರ್ಬಲನ ತಾಳ್ಮೆಯೇ ಇಲ್ಲಿ ತಂಡದ ನಿಜವಾದ ಅಳತೆಗೋಲು.

ಇನ್ನು ಕಷ್ಟದ ವಿಚಾರ. ಬೇಸಗೆಯಲ್ಲಿಯೂ ಅಲ್ಲಿನ ನೀರಿನ ಉಷ್ಣತೆ ಸುಮಾರು 15ರಿಂದ 18 ಡಿಗ್ರಿ ಸೆಂಟಿಗ್ರೇಡ್. ಮನುಷ್ಯ ಶರೀರದ ಉಷ್ಣತೆಯಾದರೋ 37 ಡಿಗ್ರಿ. ನೀರು ಗಾಳಿಗಿಂತ ಬಹು ಶೀಘ್ರವಾಗಿ ಶರೀರದ ಶಾಖವನ್ನು ಹೀರಿಕೊಳ್ಳುತ್ತದೆ. ಸರದಿಯವರಿಗೆ ವಿಶ್ರಾಂತಿ ಇದ್ದರೂ, ನಡುಗುವ ಮೈಯನ್ನು ಬೆಚ್ಚಗೆ ಮಾಡಿಕೊಂಡು ಮತ್ತೆ ಅದೇ ತಣ್ಣೀರಿಗೆ, ಕೆಲವೊಮ್ಮೆ ನಡುರಾತ್ರಿಯಲ್ಲಿ, ಇಳಿಯುವುದೆಂದರೆ ಮನೋಬಲದ ಪರೀಕ್ಷೆಯೇ ಸರಿ. ಇದಲ್ಲದೆ, ಸುಮಾರು ಆರು ಗಂಟೆಗೊಮ್ಮೆ ಕಡಲಿನ ಸೆಳೆತದ ದಿಕ್ಕು ಬದಲಾಗುವುದರಿಂದ ಈಜುಗಾರನ ದಾರಿ ನೇರವಾಗಿರದೆ ಡೊಂಕಾಗುತ್ತದೆ. ಕ್ರಮಿಸುವ ದೂರವೂ ಹೆಚ್ಚುತ್ತದೆ.

2018ರ ಜೂನ್ ತಿಂಗಳಿನಲ್ಲಿ ಸತ್ಯೇಂದ್ರ ಸಿಂಗ್ ಲೋಹಿಯಾ, ಜಗದೀಶಚಂದ್ರ ತೇಲಿ, ಚೇತನ್ ರಾವುತ್, ರಿಮೋ ಸಾಹಾ ಎಂಬ ನಾಲ್ವರು ಭಾರತೀಯರು ಈ ಕಡಲ್ಗಾಲುವೆಯನ್ನು ಸರದಿಯಾಗಿ ಈಜಿ 12 ಗಂಟೆ 26 ನಿಮಿಷಗಳಲ್ಲಿ ದಾಟಿದರು. ನಾಲ್ವರೂ ಅಂಗವೈಕಲ್ಯವುಳ್ಳವರು. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬೇಕು: ಗಂಟೆಗೊಬ್ಬರಂತೆ ಹಂಚಿದರೆ ಪ್ರತಿಯೊಬ್ಬರ ಪಾಲಿಗೆ ಮೂರು ಗಂಟೆ, ಉಳಿದ 26 ನಿಮಿಷ ಮತ್ತೆ ಮೊದಲಿನವರ ಪಾಲಿಗೆ. 33 ಕಿ.ಮೀ. ದೂರವನ್ನು ಈ ಅವಧಿಯಿಂದ ಭಾಗಿಸಿದರೆ ವೇಗವು ಗಂಟೆಗೆ ಎರಡೂವರೆ ಕಿ.ಮೀ.ಗಿಂತ ತುಸು ಹೆಚ್ಚು. ಎಂದರೆ ನಾವು ಶಾಲೆಗೆ ನಡೆದು ಬರುವ ವೇಗಕ್ಕಿಂತಲೂ ಕಡಿಮೆ. ಮಂದಗತಿಯೂ ನಿಲ್ಲದಿದ್ದರೆ ದಡ ಸೇರಿಸುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಕರಾವಳಿಯಲ್ಲಿಯೂ ಸಾಹಸಿಗಳಿಗೆ ಕೊರತೆಯಿಲ್ಲ. ಕುಂದಾಪುರ ಸೀಮೆಯ ಗೋಪಾಲ ಖಾರ್ವಿ ಅವರು 2013ರಲ್ಲಿ ಕೈಕಾಲುಗಳಿಗೆ ಕೋಳ ತೊಡಿಸಿಕೊಂಡು ಮಲ್ಪೆಯ ಕಡಲಿನಲ್ಲಿ ಮೂರು ಕಿ.ಮೀ.ಗೂ ಮಿಕ್ಕಿ ಈಜಿ ವಿಶ್ವದಾಖಲೆಯನ್ನು ಸ್ಥಾಪಿಸಿದರು. ಇದು ಅನುಕರಣೆಗೆ ತಕ್ಕ ಕಾರ್ಯವಲ್ಲ. ದೀರ್ಘಾಭ್ಯಾಸದ ಫಲವೆಂದು ತಿಳಿಯಬೇಕು.

ಧನಸಂಗ್ರಹದ ವಿಧಾನವು ಸರಳವಾದುದು. ಈಜು ಪೂರ್ತಿಯಾದರೆ ಇಂತಿಷ್ಟು, ಅಥವಾ ಮೈಲಿಗೆ ಇಂತಿಷ್ಟು ಕೊಡುವೆವೆಂದು ದಾನಿಗಳು ಮೊದಲೇ ವಚನವೀಯುತ್ತಾರೆ. 2006ರಲ್ಲಿ ಡೇವಿಡ್ ವಾಲಿಯಮ್ಸ್ ಎಂಬ ಆಂಗ್ಲ ನಟರು ಒಬ್ಬರೇ ಕಡಲ್ಗಾಲುವೆಯನ್ನು ಈಜಿ, ಧರ್ಮಕಾರ್ಯಕ್ಕಾಗಿ ಹತ್ತು ಲಕ್ಷ ಪೌಂಡುಗಳಿಗೂ ಮಿಕ್ಕ ಹಣವನ್ನು ಕೂಡಿಸಿದರು. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದೋಣಿ, ಪ್ರಯಾಣ, ವಸತಿಗಳ ವೆಚ್ಚವೆಲ್ಲ ದಾನದ ಹಣದಿಂದಲೇ ಹೋದರೆ ಅದು ದಾನವೆನಿಸೀತೆ? ಎನಿಸಲಾರದೆಂದೇ ನಮ್ಮ ಅಭಿಪ್ರಾಯ. ಸಾಹಸದ ಖರ್ಚನ್ನು ಬೇರೆಯಾಗಿ ಭರಿಸಬೇಕು. ಬಡವನ ಹೆಸರಿನಲ್ಲಿ ಬಂದ ನಾಣ್ಯವು ಬಡವನಿಗೇ ಮುಟ್ಟಬೇಕು. ಎರಡರ ಲೆಕ್ಕವೂ ಬಹಿರಂಗವಾಗಿರಬೇಕು. ಓಟವೇ ಆಗಲಿ, ನಾಟಕವೇ ಆಗಲಿ, ಯಕ್ಷಗಾನ ಕೂಟವೇ ಆಗಲಿ, ಸಹಾಯಾರ್ಥವಾಗಿ ನಡೆಯುವ ಎಲ್ಲಕ್ಕೂ ಈ ನಿಯಮವು ಅನ್ವಯಿಸುತ್ತದೆ. ನಮ್ಮಂತಹ ಸಂಘಗಳು ಇದನ್ನು ಮರೆಯಬಾರದು.

ಹಾಗಾದರೆ ಅಗಲ್ಪಾಡಿಯ ನಾವು ಮಾಡಬೇಕಾದುದೇನು? ಕಡಲಿಗೆ ಹಾರುವುದಲ್ಲ. 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 3 ಲಕ್ಷ ಮಂದಿ ನೀರಿನಲ್ಲಿ ಮುಳುಗಿ ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ; ಅವರಲ್ಲಿ ಎಳೆಯರೇ ಬಹಳ. ಮಳೆಗಾಲದಲ್ಲಿ ನಮ್ಮ ಮದಕಗಳೂ, ಮುರಕಲ್ಲು ಕಡಿದ ಹೊಂಡಗಳೂ ತುಂಬಿ ನಿಂತಾಗ ಆಳ ತಿಳಿಯುವುದಿಲ್ಲ. ಆದುದರಿಂದ ಪ್ರತಿಯೊಂದು ಮಗುವೂ ಬಲ್ಲ ಹಿರಿಯರ ಸಮಕ್ಷಮದಲ್ಲಿ ಈಜು ಕಲಿಯಲಿ. ಒಂಟಿಯಾಗಿ ಯಾರೂ ನೀರಿಗಿಳಿಯದಿರಲಿ. ಮುಳುಗುತ್ತಿರುವವನನ್ನು ಕಂಡರೆ ಒಡನೆಯೇ ಹಾರದೆ, ಕೂಗಿ ಜನರನ್ನು ಕರೆಯಬೇಕು. ದಡದಲ್ಲಿಯೇ ನಿಂತು ತೋಟದ ದೋಟಿಯನ್ನೋ ಬಾವಿಯ ಹಗ್ಗವನ್ನೋ ಚಾಚಬೇಕು. ಈಜು ಬಾರದವನ ಧೈರ್ಯವು ಒಂದು ಪ್ರಾಣಕ್ಕೆ ಬದಲು ಎರಡನ್ನು ಬಲಿಗೊಟ್ಟೀತು.

ಈಜು ಬಲ್ಲ ದೊಡ್ಡ ವಿದ್ಯಾರ್ಥಿಗಳು ಹಿರಿಯರ ಮೇಲ್ವಿಚಾರಣೆಯಲ್ಲಿ ಕಿರಿಯರಿಗೆ ಕಲಿಸಲಿ. ಆ ಕಿರಿಯರು ಬೆಳೆದು ಮುಂದಿನವರಿಗೆ ಕಲಿಸಲಿ. ಇದೂ ಒಂದು ಸರದಿಯ ಈಜೇ. ಇದಕ್ಕೆ ದೋಣಿಯ ಖರ್ಚಿಲ್ಲ. ಇದರಿಂದ ಉಳಿಯುವ ಒಂದೊಂದು ಜೀವವೂ ಊರಿಗೆ ಸಲ್ಲುವ ದಾನ. ಪೋಷಕರೂ ವಿದ್ಯಾರ್ಥಿಗಳೂ ಈ ಕಾರ್ಯದಲ್ಲಿ ಮನಸ್ಸಿಡುವರೆಂದು ಆಶಿಸುತ್ತೇವೆ.